ಪದದ ತಲೆ, ಪದದ ಬಾಲ

ಶಹಾಪುರದ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸುಗಳ ಬೋರ್ಡು ಓದಿ ನೋಡಿ. ಸುರಪುರ, ನಾರಾಯಣಪುರ, ಯಾದಗಿರಿ, ದೋರನಹಳ್ಳಿ, ಭೀಮರಾಯನಗುಡಿ. ಆ ಊರಿಗೆ ಒಮ್ಮೆಯೂ ಹೋಗದವರಿಗೂ ಹೆಸರಿನ ಬಾಲ ಒಂದಿಷ್ಟು ಸಂಗತಿ ಹೇಳಿಬಿಡುತ್ತದೆ. ಪುರ ಎಂದರೆ ಪಟ್ಟಣ, ಗಿರಿ ಎಂದರೆ ಬೆಟ್ಟ, ಹಳ್ಳಿ ಎಂದರೆ ಹಳ್ಳಿಯೇ, ಗುಡಿ ಎಂದರೆ ದೇವಸ್ಥಾನ. ಯಾರೂ ಹೇಳಿಕೊಡದೆ ಇದು ನಮಗೆ ತಿಳಿಯುತ್ತದೆ.

ಕನ್ನಡದ ಗುಣವೇ ಹಾಗೆ. ಅದು ಹೊಸ ಅರ್ಥವನ್ನು ಸಾಮಾನ್ಯವಾಗಿ ಪದದ ಬಾಲಕ್ಕೆ ಕಟ್ಟುತ್ತದೆ. ಸಾಲಕ್ಕೆ ‘ಗಾರ’ ಸೇರಿಸಿದರೆ ಸಾಲಗಾರ, ಜಾಣನಿಗೆ ‘ತನ’ ಸೇರಿಸಿದರೆ ಜಾಣತನ, ಮನೆಗೆ ‘ಇಂದ’ ಸೇರಿಸಿದರೆ ಮನೆಯಿಂದ. ಇಂಗ್ಲಿಷಿಗೂ ಬಾಲ ಉಂಟು. ಆದರೆ ಅದು ಬಹಳಷ್ಟು ಅರ್ಥವನ್ನು ತಲೆಯಲ್ಲಿ, ಅಂದರೆ ಪದದ ಮೊದಲ ಎರಡು ಮೂರು ಅಕ್ಷರಗಳಲ್ಲಿ ಇಟ್ಟುಕೊಂಡಿರುತ್ತದೆ. ಹ್ಯಾಪಿ ಎಂದರೆ ಸಂತೋಷ. ಮುಂದೆ ‘ಯು-ಎನ್’ ಬಂದು ಕುಳಿತರೆ ಅನ್‌ಹ್ಯಾಪಿ, ಸಂತೋಷ ಹೋಯಿತು!

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಉರು ಹೊಡೆಯುವುದನ್ನು ನೋಡಿದಾಗ ನನಗೆ ಅನ್ನಿಸುವುದು ಇದೇ. ಸಾವಿರ ಪದಗಳಿಗೆ ಸಾವಿರ ಬೀಗದ ಕೈ ಬೇಕಿಲ್ಲ. ಕೆಲವು ತಲೆಗಳ ಪರಿಚಯವಾದರೆ ನೂರಾರು ಪದಗಳು ತಾವೇ ಬಾಗಿಲು ತೆಗೆಯುತ್ತವೆ. ಒಂದೇ ಒಂದು ಎಚ್ಚರಿಕೆ ಬೇಕು. ತಲೆ ಒಂದೇ ಇದ್ದ ಮಾತ್ರಕ್ಕೆ ಮನೆತನ ಒಂದೇ ಎಂದು ತಿಳಿಯಬಾರದು. ಬೆಳಗಾವಿಯಲ್ಲೂ ಒಂದು ಶಹಾಪುರವಿದೆ. ಹೆಸರು ಒಂದೇ ಎಂದು ಅಲ್ಲಿಗೆ ಹೋಗಬೇಕಾದವರು ಇಲ್ಲಿ ಇಳಿದರೆ ಹೇಗಿದ್ದೀತು!

ಹಾರವೂ ಪೋರ್ಟೂ

ಮಕ್ಕಳೇ, ವ್ಯಾಕರಣದ ಪಾಠದಲ್ಲಿ ‘ಉಪಸರ್ಗ’ ಎಂಬ ಮಾತು ಕೇಳಿದ್ದೀರಲ್ಲವೆ? ಸಂಸ್ಕೃತದಲ್ಲಿ ಪದದ ಮುಂದೆ ಬಂದು ಅರ್ಥ ಬದಲಿಸುವ ಚಿಕ್ಕ ಮಾತು ಅದು. ‘ಹಾರ’ ಎಂಬುದನ್ನೇ ನೋಡಿ. ಮುಂದೆ ‘ಆ’ ಬಂದರೆ ಆಹಾರ, ‘ಪ್ರ’ ಬಂದರೆ ಪ್ರಹಾರ, ‘ಸಂ’ ಬಂದರೆ ಸಂಹಾರ, ‘ವಿ’ ಬಂದರೆ ವಿಹಾರ, ‘ಪರಿ’ ಬಂದರೆ ಪರಿಹಾರ. ಒಂದೇ ಮುಂಡ, ಐದು ತಲೆ, ಐದು ಅರ್ಥ. ಊಟಕ್ಕೂ ಹೊಡೆತಕ್ಕೂ ಎಷ್ಟು ದೂರ! ತಲೆ ಬದಲಾದದ್ದಷ್ಟೇ.

ಈ ‘ಹಾರ’ದ ಮೂಲ ಧಾತುವಿಗೆ ‘ಒಯ್ಯು, ತರು’ ಎಂಬ ಅರ್ಥವಿದೆ. ಇಂಗ್ಲಿಷಿನಲ್ಲಿಯೂ ಒಯ್ಯುವುದಕ್ಕೆ ಸಂಬಂಧಿಸಿದ ಒಂದು ಮುಂಡ ಉಂಟು: ಪೋರ್ಟ್. ಅದು ಲ್ಯಾಟಿನ್ ಭಾಷೆಯಿಂದ ಬಂದದ್ದು. ರೈಲು ನಿಲ್ದಾಣದಲ್ಲಿ ಸಾಮಾನು ಹೊರುವವರನ್ನು ಪೋರ್ಟರ್ ಎನ್ನುವುದು ಅದಕ್ಕೇ. ಈಗ ತಲೆ ಬದಲಿಸಿ ನೋಡಿ. ‘ಇಮ್’ ಎಂದರೆ ಒಳಗೆ. ಇಂಪೋರ್ಟ್ ಎಂದರೆ ದೇಶದೊಳಗೆ ತರುವುದು, ಆಮದು. ‘ಎಕ್ಸ್’ ಎಂದರೆ ಹೊರಗೆ. ಎಕ್ಸ್‌ಪೋರ್ಟ್ ಎಂದರೆ ಹೊರಗೆ ಕಳಿಸುವುದು, ರಫ್ತು. ‘ಟ್ರಾನ್ಸ್’ ಎಂದರೆ ಆಚೆ ಕಡೆಗೆ. ಟ್ರಾನ್ಸ್‌ಪೋರ್ಟ್ ಎಂದರೆ ಸಾಗಣೆ. ‘ರಿ’ ಎಂದರೆ ಮರಳಿ. ಕಂಡದ್ದನ್ನು ಮರಳಿ ತಂದು ಒಪ್ಪಿಸಿದರೆ ರಿಪೋರ್ಟ್. ‘ಸಪ್’ ಎಂದರೆ ಕೆಳಗಿನಿಂದ; ಕೆಳಗಿನಿಂದ ಹೊತ್ತು ಹಿಡಿದರೆ ಸಪೋರ್ಟ್, ಆಧಾರ. ಐದು ಪದ ಉರು ಹೊಡೆಯುವ ಬದಲು ಒಂದು ಮುಂಡ, ಐದು ತಲೆ ತಿಳಿದುಕೊಂಡರಾಯಿತು. ಆ ತಲೆಗಳು ಬೇರೆ ಪದಗಳಿಗೂ ಕೆಲಸಕ್ಕೆ ಬರುತ್ತವೆ: ಎಕ್ಸಿಟ್, ಟ್ರಾನ್ಸ್‌ಫರ್, ರಿಟರ್ನ್.

ನಮ್ಮೂರ ಮಾತಿನಲ್ಲೂ ತಲೆ

ಅಜ್ಜಂದಿರೇ, ಇದು ನಿಮಗೂ ಹೊಸದಲ್ಲ. 1948ರ ಸೆಪ್ಟೆಂಬರಿನವರೆಗೆ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಆ ದಾರಿಯಲ್ಲಿ ಬಂದ ಎಷ್ಟೋ ಪದಗಳು ಇಂದಿಗೂ ನಮ್ಮ ನಾಲಿಗೆಯ ಮೇಲಿವೆ, ತಲೆ ಸಮೇತ.

‘ಬೇ’ ಎಂದರೆ ಇಲ್ಲದ. ಜವಾಬ್ದಾರಿ ಇಲ್ಲದವನು ಬೇಜವಾಬ್ದಾರಿ. ನಾಮ್, ಅಂದರೆ ಹೆಸರು, ಇಲ್ಲದ ಆಸ್ತಿ ಬೇನಾಮಿ. ಹಣ ಒಬ್ಬರದು, ಕಾಗದದ ಮೇಲಿನ ಹೆಸರು ಇನ್ನೊಬ್ಬರದು. ಇಂಥ ವ್ಯವಹಾರ ತಡೆಯಲು 1988ರಲ್ಲಿ ಕಾಯ್ದೆಯೇ ಬಂತು. ಆ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲೂ ‘ಬೇನಾಮಿ’ ಎಂಬ ಪದವೇ ಇದೆ. ‘ನಾ’ ಎಂದರೆ ಅಲ್ಲ: ನಾಲಾಯಕ್, ನಾಪತ್ತೆ. ‘ಗೈರು’ ಸೇರಿದರೆ ಗೈರುಹಾಜರಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಇದನ್ನು ಕಾಣದ ಮಕ್ಕಳಿಲ್ಲ.

ಆದರೆ ‘ಬೇ’ ಕಂಡಲ್ಲೆಲ್ಲ ‘ಇಲ್ಲದ’ ಎನ್ನಲಾದೀತೆ? ಬೇಳೆ ಎಂದರೆ ‘ಳೆ ಇಲ್ಲದ್ದು’ ಅಲ್ಲ. ‘ಅ’ ಎಂದರೆ ಅಲ್ಲ ಎಂದು ಅಸತ್ಯ, ಅಶಕ್ತ ಎಂಬ ಪದಗಳಲ್ಲಿ ಕಲಿತಿದ್ದೇವೆ. ಹಾಗೆಂದು ಅಕ್ಕಿಯನ್ನು ‘ಕ್ಕಿ ಅಲ್ಲದ್ದು’ ಎನ್ನುವುದಿಲ್ಲ. ‘ಸು’ ಎಂದರೆ ಒಳ್ಳೆಯ. ಹಾಗೆಂದು ಸುರಪುರಕ್ಕೆ ‘ಒಳ್ಳೆಯ ರಪುರ’ ಎಂದರೆ ಸುರಪುರದವರು ಸುಮ್ಮನೆ ಬಿಟ್ಟಾರೆಯೆ? ಕನ್ನಡದಲ್ಲಿ ಇಂಥ ತಪ್ಪು ನಾವು ಮಾಡುವುದಿಲ್ಲ, ಏಕೆಂದರೆ ಇಡೀ ಪದ ನಮಗೆ ಗೊತ್ತು. ಇಂಗ್ಲಿಷಿನಲ್ಲಿ ಇಡೀ ಪದ ಗೊತ್ತಿರುವುದಿಲ್ಲ. ಮೋಸ ಹೋಗುವುದು ಅಲ್ಲಿಯೇ.

ನೂರು, ಏಳು, ಹತ್ತು

ಮೊದಲು ಸುಲಭದ ತಲೆಗಳು, ಅಂದರೆ ಎಣಿಕೆಯವು. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದರೆ ‘ಸೆಂಟಮ್ ಬಂತು’ ಎನ್ನುತ್ತಾರೆ. ಸೆಂಟಮ್ ಲ್ಯಾಟಿನ್ನಿನ ನೂರು. ‘ಸಿ-ಇ-ಎನ್-ಟಿ’ ಎಂಬ ತಲೆಯಲ್ಲಿ ಆ ನೂರು ಕುಳಿತಿದೆ. ಕ್ರಿಕೆಟ್ಟಿನ ಸೆಂಚುರಿ ನೂರು ರನ್ನು, ಇತಿಹಾಸದ ಸೆಂಚುರಿ ನೂರು ವರ್ಷ. ಸೆಂಟಿಮೀಟರ್ ಮೀಟರಿನ ನೂರನೇ ಒಂದು ಪಾಲು. ಕರಾವಳಿಯಲ್ಲಿ ಜಮೀನನ್ನು ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸೆಂಟ್ ಎಂದರೆ ಎಕರೆಯ ನೂರನೇ ಪಾಲು. ನಮ್ಮ ಕಡೆ ಗುಂಟೆ. 40 ಗುಂಟೆಗೆ ಒಂದು ಎಕರೆ. ಸೆಂಟಿಪೀಡ್ ಎಂದರೆ ನೂರು ಕಾಲಿನದು. ಕನ್ನಡದಲ್ಲೂ ಅದು ಶತಪದಿಯೇ. ತಮಾಷೆ ಏನೆಂದರೆ, ಬೆಳೆದ ಶತಪದಿಯ ಕಾಲುಗಳ ಜೋಡಿ ಯಾವಾಗಲೂ ಬೆಸಸಂಖ್ಯೆಯಲ್ಲಿ ಇರುತ್ತದೆ. ನೂರು ಕಾಲು ಬೇಕಾದರೆ 50 ಜೋಡಿ ಬೇಕು, 50 ಸಮಸಂಖ್ಯೆ. ಹಾಗಾಗಿ ಸರಿಯಾಗಿ ನೂರು ಕಾಲಿನ ಶತಪದಿ ಸಿಗುವುದಿಲ್ಲ!

ಇನ್ನು ಸೆಂಟರ್. ಅದೂ ‘ಸಿ-ಇ-ಎನ್-ಟಿ’ಯಿಂದಲೇ ಶುರು. ಆದರೆ ಅದಕ್ಕೂ ನೂರಕ್ಕೂ ನಂಟಿಲ್ಲ. ಗ್ರೀಕ್ ಭಾಷೆಯಲ್ಲಿ ಚೂಪಾದ ಮೊನೆಗೆ ಇದ್ದ ಪದದಿಂದ ಅದು ಬಂದಿದೆ. ಕೈವಾರದ ಮುಳ್ಳು ಊರುವ ಜಾಗವೇ ವೃತ್ತದ ಸೆಂಟರ್.

ಈಗ ತಿಂಗಳುಗಳು. ಸೆಪ್ಟೆಂಬರಿನ ‘ಸೆಪ್ಟ್’ ಏಳು, ಅಕ್ಟೋಬರಿನ ‘ಆಕ್ಟ್’ ಎಂಟು, ನವೆಂಬರಿನ ‘ನವ್’ ಒಂಬತ್ತು, ಡಿಸೆಂಬರಿನ ‘ಡಿಸೆಮ್’ ಹತ್ತು. ಸಂಸ್ಕೃತದ ಸಪ್ತ, ಅಷ್ಟ, ನವ, ದಶ ನೆನಪಾಯಿತೆ? ಇದು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸ್ 1786ರಲ್ಲಿ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ಹೇಳಿದರು. ನಮ್ಮ ಕನ್ನಡ ದ್ರಾವಿಡ ಭಾಷೆ. ಏಳು, ಎಂಟು, ಹತ್ತು ನಮ್ಮವೇ. ಆದರೆ ಸಂಸ್ಕೃತದಿಂದ ಪಡೆದ ಸಪ್ತ, ಅಷ್ಟಗಳು ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಇರುವುದರಿಂದ ಲ್ಯಾಟಿನ್ ತಲೆಗಳ ಗುರುತು ಹಿಡಿಯುವುದು ನಮ್ಮ ಮಕ್ಕಳಿಗೆ ಸುಲಭ.

ಹಾಗಾದರೆ ಒಂಬತ್ತನೇ ತಿಂಗಳಿಗೆ ಏಳು ಎಂಬ ಹೆಸರೇಕೆ? ರೋಮನ್ನರ ಹಳೆಯ ವರ್ಷ ಮಾರ್ಚಿಯಲ್ಲಿ ಶುರುವಾಗುತ್ತಿತ್ತು. ಅಲ್ಲಿಂದ ಎಣಿಸಿದರೆ ಸೆಪ್ಟೆಂಬರ್ ಏಳನೆಯದೇ. ಆಮೇಲೆ ವರ್ಷದ ಆರಂಭ ಜನವರಿಗೆ ಬಂದರೂ ಹೆಸರು ಬದಲಾಗಲಿಲ್ಲ.

ಇಲ್ಲೊಂದು ಮೋಸ. ಗಾಯ ಕೀವಾದರೆ ‘ಸೆಪ್ಟಿಕ್ ಆಗಿದೆ’ ಎನ್ನುತ್ತಾರೆ. ತಲೆ ಅದೇ ‘ಎಸ್-ಇ-ಪಿ-ಟಿ’. ಆದರೆ ಇದು ಏಳು ಅಲ್ಲ. ಗ್ರೀಕ್ ಭಾಷೆಯಲ್ಲಿ ಕೊಳೆಯುವುದಕ್ಕೆ ಇದ್ದ ಪದ ಇದು.

‘ಡಿ-ಇ-ಸಿ’ ಹತ್ತರದು: ಡೆಸಿಮಲ್, ಡೆಕೇಡ್. 1957ರ ಏಪ್ರಿಲ್ 1ರಿಂದ ನಮ್ಮ ದೇಶದ ನಾಣ್ಯ ಡೆಸಿಮಲ್ ಪದ್ಧತಿಗೆ ಬಂತು. ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, 64 ಪೈಸೆ. ಆಮೇಲೆ 100 ನಯಾಪೈಸೆ. ಆ ಬದಲಾವಣೆಯ ಗಲಿಬಿಲಿಯನ್ನು ಮನೆಯ ಮುತ್ಯಾ, ಆಯಿಯನ್ನು ಕೇಳಿ, ಕಥೆ ಸಿಗುತ್ತದೆ. ಆದರೆ ಡಿಸೈಡ್, ಡಿಕ್ಲೇರ್ ಎಂಬ ಪದಗಳಲ್ಲಿ ಹತ್ತನ್ನು ಹುಡುಕಬೇಡಿ. ಅಲ್ಲಿ ತಲೆ ‘ಡಿ-ಇ’ ಮಾತ್ರ. ‘ಸಿ’ ಮುಂಡಕ್ಕೆ ಸೇರಿದ್ದು.

ಒಂದೇ ಮುಖ, ಬೇರೆ ಮನೆ

ಸೈಕಲ್ಲಿನ ಪೆಡಲ್ ಕಾಲಿನಿಂದ ತುಳಿಯುವುದು. ರಸ್ತೆಯಲ್ಲಿ ಕಾಲ್ನಡಿಗೆಯವರು ಪೆಡೆಸ್ಟ್ರಿಯನ್. ‘ಪಿ-ಇ-ಡಿ’ ಎಂದರೆ ಲ್ಯಾಟಿನ್ನಿನ ಕಾಲು, ಸಂಸ್ಕೃತದ ಪಾದದ ಬಂಧು. ಹಾಗಾದರೆ ಪೀಡಿಯಾಟ್ರಿಶನ್ ಎಂದರೆ ಕಾಲಿನ ವೈದ್ಯರೇ? ಅಲ್ಲ, ಮಕ್ಕಳ ವೈದ್ಯರು. ಅದು ಗ್ರೀಕ್ ಭಾಷೆಯ ‘ಮಗು’ವಿನಿಂದ ಬಂದದ್ದು. ಕಾಲುನೋವಿನ ಅಜ್ಜ ಆ ಬೋರ್ಡು ನೋಡಿ ಒಳಗೆ ಹೋದರೆ ಅಲ್ಲಿ ತೊಟ್ಟಿಲ ಕೂಸುಗಳು ಅಳುತ್ತಿರುತ್ತವೆ!

ಡೆಂಟಿಸ್ಟ್ ಹಲ್ಲಿನ ವೈದ್ಯರು; ದಂತ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗ್ಯಾರೇಜಿನ ಮುಂದೆ ‘ಡೆಂಟಿಂಗ್, ಪೇಂಟಿಂಗ್’ ಎಂಬ ಬೋರ್ಡು ಇರುತ್ತದಲ್ಲ, ಆ ಡೆಂಟ್ ಹಲ್ಲಿನದಲ್ಲ. ಹಳೆಯ ಇಂಗ್ಲಿಷಿನಲ್ಲಿ ಪೆಟ್ಟಿಗೆ ಇದ್ದ ಪದದಿಂದ ಬಂದದ್ದು. ಪೆಟ್ಟು ಬಿದ್ದು ತಗ್ಗಾದ ಜಾಗ ಡೆಂಟ್.

‘ಟಿ-ಇ-ಎಲ್-ಇ’ ಎಂದರೆ ದೂರ. ದೂರದ ದನಿ ಟೆಲಿಫೋನ್, ದೂರ ನೋಡುವುದು ಟೆಲಿಸ್ಕೋಪ್, ದೂರದ ಬರಹ ಟೆಲಿಗ್ರಾಂ. ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು. ನಮ್ಮ ಬ್ಯಾಂಕಿನ ಕಾಲದಲ್ಲಿ ದುಡ್ಡನ್ನು ತುರ್ತಾಗಿ ಕಳಿಸಲು ‘ಟಿ.ಟಿ.’ ಮಾಡುತ್ತಿದ್ದೆವು, ಟೆಲಿಗ್ರಾಫಿಕ್ ಟ್ರಾನ್ಸ್‌ಫರ್, ತಂತಿಯ ಮೂಲಕ ಆಚೆಗೆ ದಾಟಿಸುವುದು. ಆದರೆ ಅದೇ ಬ್ಯಾಂಕಿನ ಕೌಂಟರಿನಲ್ಲಿ ಹಣ ಎಣಿಸಿ ಕೊಡುವ ಟೆಲ್ಲರ್‌ಗೂ ದೂರಕ್ಕೂ ಸಂಬಂಧವಿಲ್ಲ. ‘ಟೆಲ್’ ಎಂಬುದಕ್ಕೆ ಹೇಳು ಎಂಬ ಅರ್ಥದ ಜೊತೆಗೆ ಎಣಿಸು ಎಂಬ ಹಳೆಯ ಅರ್ಥವೂ ಇತ್ತು. ಟೆಲ್ಲರ್ ಎಂದರೆ ಎಣಿಸುವವನು.

‘ಪೋಸ್ಟ್’ ಎಂದರೆ ನಂತರ. ಮುಂದಿನ ತಾರೀಖು ಹಾಕಿದ ಚೆಕ್ಕು ಪೋಸ್ಟ್‌ಡೇಟೆಡ್. ಮುಂದಕ್ಕೆ ಹಾಕಿದ ಪರೀಕ್ಷೆ ಪೋಸ್ಟ್‌ಪೋನ್. ಹಾಗೆಂದು ಪೋಸ್ಟ್‌ಮ್ಯಾನ್ ‘ನಂತರ ಬರುವ ಮನುಷ್ಯ’ ಅಲ್ಲ. ಹಿಂದೆ ಯುರೋಪಿನಲ್ಲಿ ಟಪಾಲು ಸಾಗಿಸಲು ದಾರಿಯುದ್ದಕ್ಕೂ ಕುದುರೆ ಸವಾರರನ್ನು ಇರಿಸುತ್ತಿದ್ದರು. ಇರಿಸಿದ ಆ ಜಾಗಗಳಿಂದ ಬಂದದ್ದು ಟಪಾಲಿನ ಪೋಸ್ಟ್.

ತಪ್ಪು ಓದಿದರೆ ಅಪಾಯ

ಇಲ್ಲಿಯವರೆಗೆ ನಕ್ಕೆವು. ಇನ್ನು ನಗಲಾಗದ ಎರಡು ಪದ.

‘ಐ-ಎನ್’ ಎಂಬ ತಲೆಗೆ ಎರಡು ಅರ್ಥ. ಒಂದು, ಅಲ್ಲ ಅಥವಾ ಇಲ್ಲ: ಇನ್‌ಕರೆಕ್ಟ್, ಇನ್‌ವ್ಯಾಲಿಡ್, ಚೆಕ್ಕು ಮರಳಿದಾಗ ಕಾಣುವ ಇನ್‌ಸಫಿಶಿಯಂಟ್. ಇನ್ನೊಂದು, ಒಳಗೆ: ಇನ್‌ಕಮ್, ಇನ್‌ವರ್ಡ್. ಮುಂದಿನ ಅಕ್ಷರಕ್ಕೆ ತಕ್ಕಂತೆ ಇದು ವೇಷವನ್ನೂ ಬದಲಿಸುತ್ತದೆ: ಇಂಪಾಸಿಬಲ್, ಇಲ್ಲೀಗಲ್, ಇರ್‍ರೆಗ್ಯುಲರ್. ಸತ್ ಮತ್ತು ಜನ ಸೇರಿ ಸಜ್ಜನ ಆದಂತೆಯೇ ಇದೂ ಒಂದು ಸಂಧಿ.

ಪೆಟ್ರೋಲ್ ಟ್ಯಾಂಕರಿನ ಹಿಂದೆ ದಪ್ಪ ಅಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಫ್ಲೇಮ್ ಎಂದರೆ ಜ್ವಾಲೆ. ‘ಇನ್’ ಎಂದರೆ ಇಲ್ಲ ಎಂದು ಮಾತ್ರ ಕಲಿತ ಹುಡುಗ ಇದನ್ನು ಹೇಗೆ ಓದಿಯಾನು? ‘ಬೆಂಕಿ ಹತ್ತುವುದಿಲ್ಲ, ಭಯವಿಲ್ಲ’ ಎಂದು! ನಿಜವಾದ ಅರ್ಥ ಪೂರ್ತಿ ಉಲ್ಟಾ: ಬಹಳ ಬೇಗ ಬೆಂಕಿ ಹತ್ತುತ್ತದೆ. ಇಲ್ಲಿಯ ‘ಇನ್’ ಒಳಗೆ ಎಂಬ ಮನೆತನದ್ದು. ಜ್ವಾಲೆಯೊಳಕ್ಕೆ ಹೋಗುವಂಥದ್ದು ಎಂದು. ಇಂಗ್ಲಿಷೇ ಮನೆಮಾತಾದವರೂ ಇಲ್ಲಿ ಎಡವಬಹುದೆಂದು 20ನೇ ಶತಮಾನದಲ್ಲಿ ಅಮೆರಿಕದ ಅಗ್ನಿಸುರಕ್ಷತೆಯವರು ‘ಇನ್’ ಕಿತ್ತುಹಾಕಿ ‘ಫ್ಲೇಮಬಲ್’ ಎಂದು ಬರೆಯುವುದನ್ನು ರೂಢಿಗೆ ತಂದರು. ಎರಡಕ್ಕೂ ಅರ್ಥ ಒಂದೇ. ಬೆಂಕಿ ಹತ್ತದ ವಸ್ತುವಿಗೆ ‘ನಾನ್-ಫ್ಲೇಮಬಲ್’ ಎನ್ನುತ್ತಾರೆ. ಮಕ್ಕಳೇ, ಟ್ಯಾಂಕರಿನ ಹತ್ತಿರ ಬೀಡಿ ಹಚ್ಚುವವರು ಕಂಡರೆ ಈ ಪದದ ಅರ್ಥ ಹೇಳಿ.

ಎರಡನೆಯದು ‘ಎ-ಎನ್-ಟಿ-ಐ’, ಆಂಟಿ. ಕನ್ನಡದಲ್ಲಿ ಬರೆದರೆ ಪಕ್ಕದ ಮನೆಯ ಆಂಟಿಯೂ ಇದೂ ಒಂದೇ. ಇಂಗ್ಲಿಷ್ ಕಾಗುಣಿತ ಬೇರೆ. ಈ ತಲೆಗೆ ಎದುರು, ವಿರುದ್ಧ ಎಂಬ ಅರ್ಥ. ಕೊಳೆಯುವುದರ ವಿರುದ್ಧ ಆಂಟಿಸೆಪ್ಟಿಕ್, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕು ಆಂಟಿ-ಕ್ಲಾಕ್‌ವೈಸ್. ಆಂಟಿಕ್ ಎಂಬ ಹಳೆಯ ವಸ್ತುವಿನಲ್ಲಿ ಮಾತ್ರ ವಿರೋಧವಿಲ್ಲ. ಅದು ಹಿಂದಿನ, ಮೊದಲಿನ ಎಂಬ ಅರ್ಥದ ಬೇರೆ ಮನೆತನ.

ನಮ್ಮ ಭಾಗದಲ್ಲಿ ಹತ್ತಿಗೂ ಮೆಣಸಿನಕಾಯಿಗೂ ಎಣ್ಣೆ ಹೊಡೆಯದ ಹೊಲ ಕಡಿಮೆ. ಆ ಔಷಧದ ಡಬ್ಬಿಯ ಮೇಲೆ ವಜ್ರಾಕಾರದ ಗುರುತು ಇರುತ್ತದೆ. ಅದರ ಕೆಳಭಾಗದ ಬಣ್ಣ ಕೆಂಪಾದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ವಿಷಕ್ಕೆ ಹಸಿರು. ಅಲ್ಲೇ ಸಣ್ಣ ಅಕ್ಷರದಲ್ಲಿ ‘ಆಂಟಿಡೋಟ್’ ಎಂಬ ಪದವನ್ನೂ ಹುಡುಕಿ. ಆಂಟಿ ಎಂದರೆ ವಿರುದ್ಧ, ಡೋಟ್ ಎಂದರೆ ಕೊಟ್ಟದ್ದು. ಸಂಸ್ಕೃತದ ದಾನಕ್ಕೆ ಇದು ದೂರದ ನಂಟು. ವಿಷಕ್ಕೆ ಎದುರಾಗಿ ಕೊಡುವ ಮದ್ದು, ಪ್ರತಿವಿಷ. ಇದನ್ನು ಮನೆಯಲ್ಲಿ ಪ್ರಯೋಗ ಮಾಡುವಂತಿಲ್ಲ, ಕೊಡಬೇಕಾದವರು ವೈದ್ಯರು. ಆದರೆ ಎಣ್ಣೆ ಹೊಡೆದವರಿಗೆ ತಲೆ ಸುತ್ತಿ ವಾಂತಿಯಾದರೆ ಆಸ್ಪತ್ರೆಗೆ ಓಡುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಯಾವ ವಿಷ, ಯಾವ ಆಂಟಿಡೋಟ್ ಎಂಬುದು ವೈದ್ಯರಿಗೆ ಕೂಡಲೇ ತಿಳಿಯುತ್ತದೆ. ಏಳನೇ ತರಗತಿಯ ಮೊಮ್ಮಗಳು ಈ ಒಂದು ಪದ ಓದಬಲ್ಲಳಾದರೆ ಅವಳ ಇಂಗ್ಲಿಷ್ ಪಾಠ ಸಾರ್ಥಕ.

ಚೆಕ್ಕು ಪಾಸು ಮಾಡಿದಂತೆ

ಬ್ಯಾಂಕಿನಲ್ಲಿ ಚೆಕ್ಕು ಬಂದಾಗ ಹೆಸರೊಂದನ್ನೇ ನೋಡಿ ಹಣ ಕೊಡುವುದಿಲ್ಲ. ತಾರೀಖು ನೋಡುತ್ತಾರೆ, ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ ಒಂದೇ ಇದೆಯೇ ನೋಡುತ್ತಾರೆ, ಸಹಿ ತಾಳೆ ನೋಡುತ್ತಾರೆ. ಹೊಸ ಪದ ಎದುರಾದಾಗಲೂ ಮೂರು ತಪಾಸಣೆ ಮಾಡಿ.

ಒಂದು, ತಲೆ ಪರಿಚಿತವೇ? ಎರಡು, ತಲೆ ತೆಗೆದರೆ ಉಳಿದ ಮುಂಡಕ್ಕೆ ಅರ್ಥವಿದೆಯೇ? ಮಿಸ್‌ಯೂಸ್ ಎಂಬುದರಲ್ಲಿ ‘ಮಿಸ್’ ತೆಗೆದರೆ ಯೂಸ್ ಉಳಿಯುತ್ತದೆ; ಮಿಷನ್ ಎಂಬುದರಲ್ಲಿ ಅದೇ ಮೂರಕ್ಷರ ತೆಗೆದರೆ ಏನೂ ಉಳಿಯುವುದಿಲ್ಲ. ಈ ತಪಾಸಣೆ ಒಂದೇ ಸಾಲದು, ಆದರೆ ಸಂಶಯ ಹುಟ್ಟಿಸಲು ಸಾಕು. ಮೂರು, ಆ ಅರ್ಥ ವಾಕ್ಯಕ್ಕೆ ಹೊಂದುತ್ತದೆಯೇ? ಪೆಟ್ರೋಲಿಗೆ ‘ಬೆಂಕಿ ಹತ್ತುವುದಿಲ್ಲ’ ಎಂಬ ಅರ್ಥ ಹೊಂದುವುದೇ ಇಲ್ಲ.

ಮೂರರಲ್ಲಿ ಒಂದು ತಾಳೆಯಾಗದಿದ್ದರೂ ನಿಘಂಟು ತೆಗೆಯಿರಿ. ಅರ್ಥ ಕೇಳುವುದರಲ್ಲಿ ನಾಚಿಕೆಯಿಲ್ಲ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಎಷ್ಟೋ ವರ್ಷ ಓದುಗರ ಪದಸಂಶಯಗಳಿಗೆ ಉತ್ತರ ಬರೆದರು. ಕೇಳಿದವರಲ್ಲಿ ದೊಡ್ಡವರೂ ಇದ್ದರು. 1913ರಲ್ಲಿ ಹುಟ್ಟಿ 2021ರಲ್ಲಿ, 107 ವರ್ಷ ತುಂಬಿದ ಮೇಲೆ ತೀರಿಕೊಂಡ ಅವರು ಬಾಳಿನುದ್ದಕ್ಕೂ ನಿಘಂಟಿನ ಕೆಲಸ ಮಾಡಿದವರು. ಪದದ ಹುಚ್ಚಿಗೆ ವಯಸ್ಸಿನ ಮಿತಿ ಇಲ್ಲ.

ಮನೆಯಾಟ

ಊಟವಾದ ಮೇಲೆ ಹತ್ತು ನಿಮಿಷ ಈ ಆಟ ಆಡಿ. ಮುತ್ಯಾ ಅಥವಾ ಆಯಿ ಸಪ್ತ, ಪಾದ, ದಂತ, ದೂರ ಹೀಗೆ ಒಂದು ಪದ ಹೇಳಬೇಕು. ಮಕ್ಕಳು ಅದೇ ಅರ್ಥದ ತಲೆಯುಳ್ಳ ಇಂಗ್ಲಿಷ್ ಪದ ಹುಡುಕಬೇಕು. ಮಕ್ಕಳು ಸೋತರೆ ಒಂದು ಮಗ್ಗಿ, ಹಿರಿಯರು ಸೋತರೆ ಒಂದು ಕಥೆ.

ಮೊದಲಿಗೆ ಈ ಮೂರು ಗುಂಪು ನೋಡಿ. ಪ್ರತಿ ಗುಂಪಿನಲ್ಲೂ ಒಂದು ಪದ ಬೇರೆ ಮನೆತನದ್ದು. ಯಾವುದು?

1. ಟ್ರೈಸಿಕಲ್, ಟ್ರಯಾಂಗಲ್, ಟ್ರಿಕ್, ಟ್ರಿಪಲ್.
2. ಯೂನಿಫಾರ್ಮ್, ಯೂನಿಟ್, ಅನ್‌ಇಂಪಾರ್ಟೆಂಟ್, ಯೂನಿಯನ್.
3. ರಿಟರ್ನ್, ರಿಫಂಡ್, ರೆಡ್, ರಿನ್ಯೂ.

ಉತ್ತರ: ಒಂದನೆಯದರಲ್ಲಿ ಟ್ರಿಕ್, ಉಳಿದವು ಮೂರರ ಮನೆತನ. ಎರಡನೆಯದರಲ್ಲಿ ಅನ್‌ಇಂಪಾರ್ಟೆಂಟ್, ಕಾಗುಣಿತ ‘ಯು-ಎನ್-ಐ’ ಎಂದೇ ಶುರುವಾದರೂ ತಲೆ ‘ಯು-ಎನ್’ ಮಾತ್ರ, ಉಳಿದವು ಒಂದರ ಮನೆತನ. ಮೂರನೆಯದರಲ್ಲಿ ರೆಡ್, ಉಳಿದವುಗಳಲ್ಲಿ ‘ರಿ’ ಎಂದರೆ ಮರಳಿ.

ಮೂರಕ್ಕೆ ಮೂರೂ ಹೇಳಿದವರಿಗೆ ಅಜ್ಜಿಯಿಂದ ಒಂದು ಶೇಂಗಾ ಉಂಡೆ.